ಬೋಳುಮಲೆಯ ಛಾಯಾಚಿತ್ರಗಳು: ಅವುಗಳ ಪ್ರಾಮಾಣ್ಯ ವಿಚಾರ

೧

ಉತ್ತರ ಇಂಗ್ಲೆಂಡಿನ ನಡುವೆ ಬೆನ್ನೆಲುಬಿನಂತೆ ಹಾದುಹೋಗಿರುವ ಪೆನೈನ್ ಬೆಟ್ಟಸಾಲಿನ ಮೇಲ್ಭಾಗವು ಬಹುಮಟ್ಟಿಗೆ ಮರಗಳಿಲ್ಲದ ಬಯಲಾಗಿದೆ. ಅಲ್ಲಿಯ ನೆಲವನ್ನು ಪೀಟ್ ಎಂಬ ಕರಿಯ ಜೌಗುಮಣ್ಣು ಮುಚ್ಚಿಕೊಂಡಿದೆ. ಅದರ ಮೇಲೆ ಹೆದರ್ ಎಂಬ ಕುರುಚಲು ಗಿಡವೂ ಒರಟು ಹುಲ್ಲೂ ಹಬ್ಬಿವೆ. ಬಯಲು ಮುಗಿಯುವೆಡೆಯಲ್ಲಿ ಮರಳುಗಲ್ಲಿನ ಬಂಡೆಗಳು ಕಟ್ಟಿದ ಗೋಡೆಯಂತೆ ನೆಟ್ಟಗೆ ಕೆಳಕ್ಕಿಳಿದಿವೆ. ಇಂತಹ ಬಯಲನ್ನು ಆ ದೇಶದವರು ‘ಮೂರ್’ ಎಂದೂ, ಬಂಡೆಗಳ ಸಾಲನ್ನು ‘ಎಡ್ಜ್’ ಎಂದೂ ಕರೆಯುತ್ತಾರೆ. ಮೊದಲನೆಯ ಶಬ್ದವು ಕನ್ನಡದ ಸಂಖ್ಯಾವಾಚಕದೊಡನೆ ಗೊಂದಲಕ್ಕೆ ಎಡೆಗೊಡುವುದರಿಂದ, ಈ ಲೇಖನದಲ್ಲಿ ಅದನ್ನು ‘ಬೋಳುಮಲೆ’ ಎಂದೂ ಎರಡನೆಯದನ್ನು ‘ಬಂಡೆಯಂಚು’ ಎಂದೂ ವ್ಯವಹರಿಸಿದೆ.

ಈ ನೆಲದ ಛಾಯಾಚಿತ್ರಗಳು ಕನ್ನಡ ನಾಡಿನ ವಿದ್ಯಾರ್ಥಿಗಳಿಗೂ ತೀರ ಅಪರಿಚಿತವಲ್ಲ. ಎಮಿಲಿ ಬ್ರಾಂಟಿಯ ‘ವದರಿಂಗ್ ಹೈಟ್ಸ್’ ಕಾದಂಬರಿಯನ್ನು ಪಾಠ ಹೇಳುವಲ್ಲಿ, ಪುಸ್ತಕದ ಹೊದಿಕೆಯ ಮೇಲಾಗಲಿ ಪೀಠಿಕೆಯ ಬದಿಯಲ್ಲಾಗಲಿ, ಕವಿದ ಮೋಡದ ಕೆಳಗೆ ಒಂಟಿಯಾಗಿ ನಿಂತ ಪಾಳುಮನೆಯ ಚಿತ್ರವೊಂದು ಕಾಣಸಿಗುವುದುಂಟು. ‘ಕಥೆ ನಡೆದ ಸ್ಥಳವು ಹೀಗಿತ್ತು’ ಎಂಬ ಭಾವನೆಯು ಓದುಗನ ಮನಸ್ಸಿನಲ್ಲಿ ಅದರಿಂದ ನೆಲೆಗೊಳ್ಳುತ್ತದೆ. ಮನುಷ್ಯರಿಲ್ಲದ, ಆದಿಯಿಂದಲೂ ಹಾಗೆಯೇ ಇದ್ದ, ಯಾರಿಗೂ ಸೇರದ ನೆಲವೆಂದರೆ ಬೋಳುಮಲೆ ಎಂಬ ಅಭಿಪ್ರಾಯವು ಇಂತಹ ಚಿತ್ರಗಳಿಂದಲೇ ಪ್ರಚಾರವಾದುದು. ಈ ಮೂರು ವಿಶೇಷಣಗಳಲ್ಲಿ ಒಂದಾದರೂ ನಿಜವಲ್ಲ. ಹಾಗಾದರೆ ಕ್ಯಾಮರಾ ಸುಳ್ಳು ಹೇಳಿತೆ? ಹೇಳಿದ್ದರೆ ಯಾವ ಕಾರಣದಿಂದ? ಛಾಯಾಚಿತ್ರವನ್ನು ಚರಿತ್ರೆಯ ಸಾಧನವಾಗಿ ಬಳಸುವವರು ಉತ್ತರಿಸಿಕೊಳ್ಳಬೇಕಾದ ಪ್ರಶ್ನೆಗಳಿವು.

ಛಾಯಾಚಿತ್ರವು ಪ್ರತ್ಯಕ್ಷಕ್ಕೆ ಸಮಾನವಾದ ಪ್ರಮಾಣವೆಂಬ ನಂಬಿಕೆ ಸಾಮಾನ್ಯವಾಗಿದೆ. ಆದರೆ ಭಾರತೀಯ ತಾರ್ಕಿಕರು ಪ್ರತ್ಯಕ್ಷವೆಂದು ಕರೆದದ್ದು ಇಂದ್ರಿಯಕ್ಕೂ ವಸ್ತುವಿಗೂ ನೇರವಾದ ಸಂಬಂಧವುಂಟಾದಾಗ ಹುಟ್ಟುವ ಜ್ಞಾನವನ್ನು. ಛಾಯಾಚಿತ್ರದಲ್ಲಿ ನೋಡುವವನಿಗೂ ವಸ್ತುವಿಗೂ ನಡುವೆ ಮಸೂರವಿದೆ, ಲೇಪವಿದೆ, ಕಾಗದವಿದೆ. ಇವೆಲ್ಲಕ್ಕೂ ಹಿಂದೆ, ಎಲ್ಲಿ ನಿಲ್ಲಬೇಕು, ಯಾವಾಗ ತೆಗೆಯಬೇಕು, ಏನನ್ನು ಬಿಡಬೇಕು ಎಂದು ನಿಶ್ಚಯಿಸಿದ ಮನುಷ್ಯನಿದ್ದಾನೆ. ಆದಕಾರಣ ಛಾಯಾಚಿತ್ರವನ್ನು ಪ್ರತ್ಯಕ್ಷದ ಜಾತಿಗೆ ಸೇರಿಸುವುದಕ್ಕಿಂತ ಆಪ್ತವಾಕ್ಯದ ಜಾತಿಗೆ ಸೇರಿಸುವುದೇ ಯುಕ್ತ. ಆಪ್ತವಾಕ್ಯವು ಪ್ರಮಾಣವಲ್ಲವೆಂದು ಯಾರೂ ಹೇಳುವುದಿಲ್ಲ. ಆದರೆ ಆಡಿದವನು ಯಾರು, ಅವನಿಗೆ ತಿಳಿಯುವ ಸಾಧನ ಯಾವುದಿತ್ತು ಎಂಬುದನ್ನು ವಿಚಾರಿಸಿದ ಮೇಲೆಯೇ ಅದಕ್ಕೆ ಬೆಲೆ. ಪೆನೈನ್ ಬೋಳುಮಲೆಗಳ ಛಾಯಾಚಿತ್ರ ಚರಿತ್ರೆಯನ್ನು ಈ ದೃಷ್ಟಿಯಿಂದ ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

೨

ಮೊದಲು ನೆಲದ ವಿಷಯ. ಬಂಡೆಯಂಚುಗಳ ಕಲ್ಲು ಸುಮಾರು ೩೨ ಕೋಟಿ ವರ್ಷಗಳ ಹಿಂದೆ ದೊಡ್ಡ ನದಿಗಳ ಮುಖಜಭೂಮಿಯಲ್ಲಿ ಸಂಚಯವಾದ ದಪ್ಪ ಮರಳಿನಿಂದ ಆದುದು. ಅದಕ್ಕೆ ಭೂವಿಜ್ಞಾನಿಗಳು ‘ಬೀಸುಕಲ್ಲಿನ ಗ್ರಿಟ್’ ಎಂಬರ್ಥದ ಹೆಸರನ್ನು ಕೊಟ್ಟಿರುವುದು ಸಾರ್ಥಕವಾಗಿದೆ. ಡರ್ಬಿಷೈರಿನ ಸ್ಟಾನೇಜ್ ಎಂಬ ಬಂಡೆಯಂಚು ಸುಮಾರು ಮೂರೂವರೆ ಮೈಲಿ ಉದ್ದವಾಗಿದೆ. ಅದರ ಬುಡದಲ್ಲಿ ಕಡೆದು ಮುಗಿಸಿ ಸಾಗಿಸದೆ ಬಿಟ್ಟ ಬೀಸುಕಲ್ಲುಗಳು ಇಂದಿಗೂ ಗಿಡಗಳ ನಡುವೆ ಬಿದ್ದಿವೆ. ಗಿರಾಕಿ ತಪ್ಪಿಹೋದ ಕಸುಬೊಂದರ ಗುರುತು ಅದು. ನಿರ್ಜನವೆಂದು ಕಾಣುವ ಆ ಸ್ಥಳವು ಕಲ್ಲುಕುಟಿಗರ ಕಾರ್ಖಾನೆಯಾಗಿತ್ತೆಂಬುದಕ್ಕೆ ಬೇರೆ ಸಾಕ್ಷ್ಯ ಬೇಡ.

ಮೇಲಣ ಬಯಲೂ ಸ್ವಭಾವಸಿದ್ಧವಾದುದಲ್ಲ. ಪೀಟ್ ಪದರಗಳ ಅಡಿಯಲ್ಲಿ ಹಳೆಯ ಮರಗಳ ಬೊಡ್ಡೆಗಳು ದೊರೆತಿವೆ. ಪದರಗಳಲ್ಲಿ ಸಿಕ್ಕಿಕೊಂಡಿರುವ ಪರಾಗವನ್ನು ಪರೀಕ್ಷಿಸಿದವರು ಒಂದು ಕಾಲದಲ್ಲಿ ಅಲ್ಲಿ ಕಾಡು ಇತ್ತೆಂಬುದನ್ನು ಸ್ಥಿರಪಡಿಸಿದ್ದಾರೆ. ಶಿಲಾಯುಗದ ಬೇಟೆಗಾರರ ಬೆಂಕಿ, ಮುಂದಿನ ಕಾಲದ ಬೇಸಾಯಗಾರರ ಕೊಡಲಿ, ಕುರಿಗಳ ಬಾಯಿ, ಹವೆಯು ಹೆಚ್ಚು ತೇವವಾದುದು, ಇವೆಲ್ಲ ಕೂಡಿ ಕಾಡನ್ನು ಬೋಳುಮಾಡಿದುವು. ಹತ್ತೊಂಬತ್ತನೆಯ ಶತಮಾನದಲ್ಲಿ ಇನ್ನೆರಡು ಕಾರಣಗಳು ಸೇರಿಕೊಂಡುವು. ಗ್ರೌಸ್ ಎಂಬ ಕಾಡುಹಕ್ಕಿಯ ಬೇಟೆಯು ಶ್ರೀಮಂತರ ವಿನೋದವಾದುದರಿಂದ, ಆ ಹಕ್ಕಿಗೆ ಎಳೆಯ ಚಿಗುರು ದೊರೆಯಲೆಂದು ಹೆದರ್ ಗಿಡಗಳನ್ನು ಸರದಿಯ ಮೇಲೆ ಸುಡುವ ಪದ್ಧತಿ ಬಂದಿತು. ಮ್ಯಾಂಚೆಸ್ಟರ್, ಷೆಫೀಲ್ಡ್ ಮೊದಲಾದ ಕೈಗಾರಿಕಾ ನಗರಗಳ ಗಂಧಕದ ಹೊಗೆಯಿಂದ, ಪೀಟ್ ಮಣ್ಣನ್ನು ಕಟ್ಟುವ ಸ್ಫ್ಯಾಗ್ನಂ ಪಾಚಿಯು ಸತ್ತು, ಮಣ್ಣು ಕೊಚ್ಚಿಹೋಗತೊಡಗಿತು. ಕಿಂಡರ್ ಸ್ಕೌಟ್ ಬೆಟ್ಟದ ಮೇಲಣ ಆಳವಾದ ಕರಿಯ ಕೊರಕಲುಗಳನ್ನು ಪ್ರಕೃತಿಯ ಉಗ್ರರೂಪವೆಂದು ಕೊಂಡಾಡುವವರು, ಅವುಗಳಲ್ಲಿ ಒಂದು ಭಾಗವಾದರೂ ಹತ್ತಿರದ ಗಿರಣಿಗಳ ಚಿಮಣಿಯಿಂದ ಬಂದುದೆಂಬುದನ್ನು ನೆನೆಯಬೇಕು.

ಆ ನೆಲವು ಯಾರಿಗೂ ಸೇರದುದೆಂಬುದಂತೂ ತೀರ ತಪ್ಪು. ಹಿಂದೆ ಅದರ ಬಹುಭಾಗವು ಸುತ್ತಣ ಹಳ್ಳಿಗಳವರು ದನಕುರಿ ಮೇಯಿಸುವ, ಉರುವಲಿಗೆ ಪೀಟ್ ಕಡಿದುಕೊಳ್ಳುವ ಸಮುದಾಯದ ಭೂಮಿಯಾಗಿತ್ತು. ಕನ್ನಡ ನಾಡಿನ ಗೋಮಾಳವನ್ನು ಇಲ್ಲಿ ನೆನೆಯಬಹುದು. ಹದಿನೆಂಟನೆಯ ಶತಮಾನದ ಉತ್ತರಾರ್ಧದಲ್ಲಿಯೂ ಹತ್ತೊಂಬತ್ತನೆಯದರ ಪೂರ್ವಾರ್ಧದಲ್ಲಿಯೂ ಪಾರ್ಲಿಮೆಂಟು ಒಂದೊಂದು ಪ್ರದೇಶಕ್ಕೆ ಒಂದೊಂದರಂತೆ ಶಾಸನಗಳನ್ನು ಮಾಡಿ, ಇಂತಹ ಭೂಮಿಗಳಿಗೆ ಬೇಲಿ ಹಾಕಿಸಿ ಖಾಸಗಿ ಸ್ವತ್ತಾಗಿ ಹಂಚಿಕೊಟ್ಟಿತು. ಛಾಯಾಚಿತ್ರಕಲೆಯು ೧೮೩೯ರಲ್ಲಿ ಲೋಕಕ್ಕೆ ಪ್ರಕಟವಾಗುವ ವೇಳೆಗೆ ಈ ಕಾರ್ಯವು ಬಹುಮಟ್ಟಿಗೆ ಮುಗಿದಿತ್ತು. ಅಂದರೆ ಕ್ಯಾಮರಾವು ಬೋಳುಮಲೆಗೆ ಬಂದಾಗ ಅಲ್ಲಿ ಕಂಡ ಶೂನ್ಯತೆಯು ಆಗತಾನೆ ಉಂಟುಮಾಡಲ್ಪಟ್ಟ ಶೂನ್ಯತೆ.

೩

ಒಂದು ನೆಲವನ್ನು ಸುಂದರವೆಂದು ಕಾಣುವುದೂ ಕಲಿತ ವಿದ್ಯೆಯೇ. ಚಂಪೂಕಾವ್ಯಗಳ ಅಷ್ಟಾದಶ ವರ್ಣನೆಗಳನ್ನು ಓದಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಕವಿಯು ಪರ್ವತವನ್ನು ವರ್ಣಿಸುವಾಗ ಕಂಡ ಪರ್ವತವನ್ನಷ್ಟೆ ಅಲ್ಲದೆ ಪೂರ್ವಕವಿಗಳ ಪರ್ವತವನ್ನೂ ವರ್ಣಿಸುತ್ತಾನೆ. ಇಂಗ್ಲೆಂಡಿನಲ್ಲಿಯೂ ಹೀಗೆಯೇ. ಡೇನಿಯಲ್ ಡೆಫೊ ೧೭೨೦ರ ದಶಕದಲ್ಲಿ ದೇಶಸಂಚಾರದ ಗ್ರಂಥವನ್ನು ಬರೆದಾಗ, ಡರ್ಬಿಷೈರಿನ ಈ ಬೋಳುಮಲೆಗಳಲ್ಲಿ ಅವನಿಗೆ ಭಯಂಕರವಾದ ಹಾಳು ನೆಲವಲ್ಲದೆ ಬೇರೇನೂ ಕಾಣಲಿಲ್ಲ. ಎಡ್ಮಂಡ್ ಬರ್ಕ್ ೧೭೫೭ರಲ್ಲಿ ಭವ್ಯತೆಯನ್ನು ಕುರಿತು ಗ್ರಂಥ ಬರೆದು, ಭಯವೂ ರಸಾನುಭವಕ್ಕೆ ಕಾರಣವಾಗಬಹುದೆಂದು ತೋರಿಸಿಕೊಟ್ಟನು. ೧೭೮೨ರಲ್ಲಿ ವಿಲಿಯಂ ಗಿಲ್ಪಿನ್ ವೈ ನದಿಯ ಪ್ರವಾಸಗ್ರಂಥವನ್ನು ಪ್ರಕಟಿಸಿ, ಪ್ರಕೃತಿಯನ್ನು ಚಿತ್ರಕ್ಕೆ ತಕ್ಕುದಾಗಿ ನೋಡುವ ಕ್ರಮವನ್ನು ಪ್ರಚಾರಕ್ಕೆ ತಂದನು. ಗಿಲ್ಪಿನ್ನನ ಕ್ರಮಕ್ಕೆ ನದಿ ಬೇಕು, ಪಕ್ಕದಲ್ಲಿ ಮರ ಬೇಕು, ನಡುವೆ ಪಾಳು ಮಂದಿರ ಬೇಕು, ಹಿನ್ನೆಲೆಯಲ್ಲಿ ಬೆಟ್ಟ ಬೇಕು. ಬೋಳುಮಲೆಯಲ್ಲಿ ಇವುಗಳಲ್ಲಿ ಕೊನೆಯದೊಂದನ್ನು ಬಿಟ್ಟರೆ ಉಳಿದುವಿಲ್ಲ.

ಮೊದಲ ತಲೆಮಾರಿನ ಛಾಯಾಚಿತ್ರಕಾರರು ಈ ಸಂಪ್ರದಾಯದಲ್ಲಿ ಬೆಳೆದವರು. ೧೮೫೩ರಲ್ಲಿ ಸ್ಥಾಪಿತವಾದ ಲಂಡನ್ನಿನ ಛಾಯಾಚಿತ್ರ ಸಂಘದ ಮೊದಲ ಕಾರ್ಯದರ್ಶಿಯಾದ ರೋಜರ್ ಫೆಂಟನ್ ಯಾರ್ಕ್‌ಷೈರಿಗೆ ಬಂದುದು ಬೋಳುಮಲೆಗಾಗಿ ಅಲ್ಲ; ಅವುಗಳ ಕೆಳಗಿನ ಕಣಿವೆಗಳಲ್ಲಿದ್ದ ಬೋಲ್ಟನ್, ರೀವೋ ಮೊದಲಾದ ಪಾಳು ಮಠಗಳಿಗಾಗಿ. ನಾಟಿಂಗ್‌ಹ್ಯಾಮಿನಲ್ಲಿ ಬ್ಯಾಂಕಿನ ಗುಮಾಸ್ತನಾಗಿದ್ದ ಸ್ಯಾಮ್ಯುಅಲ್ ಬೋರ್ನ್ ೧೮೬೩ರಲ್ಲಿ ಭಾರತಕ್ಕೆ ಬಂದು ಹಿಮಾಲಯದಲ್ಲಿ ಮೂರು ದೀರ್ಘ ಪ್ರವಾಸಗಳನ್ನು ಕೈಕೊಂಡನು. ೧೮೬೬ರಲ್ಲಿ ೧೮,೦೦೦ ಅಡಿಗೂ ಮೇಲಿದ್ದ ಮಣಿರಂಗ್ ಕಣಿವೆದಾರಿಯಲ್ಲಿ ಚಿತ್ರ ತೆಗೆದನು. ಅಂತಹ ಸಾಹಸಿಯೂ ಲಂಡನ್ನಿನ ಪತ್ರಿಕೆಗೆ ಬರೆದ ಲೇಖನಗಳಲ್ಲಿ, ಹಿಮಾಲಯದ ಬೋಳು ಇಳಿಜಾರುಗಳಲ್ಲಿ ತನ್ನ ದೇಶದ ಸರೋವರಗಳ, ಮರಗಳ ಚೆಲುವು ದೊರೆಯದೆಂದು ಕೊರಗಿದ್ದುಂಟು. ಅವನ ಕಣ್ಣಿಗೆ ಕೊರತೆಯಾಗಿ ತೋರಿದ್ದು ಹಿಮಾಲಯದ ದೋಷವಲ್ಲ, ಗಿಲ್ಪಿನ್ನನ ಕ್ರಮದ ದೋಷ.

೪

ಅಭಿರುಚಿಯಂತೆಯೇ ಸಾಧನಗಳೂ ಚಿತ್ರವನ್ನು ನಿರ್ಣಯಿಸಿದುವು. ಈ ಭಾಗವನ್ನು ತುಸು ವಿಸ್ತಾರವಾಗಿ ಹೇಳಬೇಕಾಗಿದೆ. ಏಕೆಂದರೆ ಸಾಹಿತ್ಯದ ವಿದ್ವಾಂಸರು ಚಿತ್ರದ ಭಾವವನ್ನು ವಿವೇಚಿಸುವಾಗ ಸಾಮಾನ್ಯವಾಗಿ ಬಿಟ್ಟುಬಿಡುವುದು ಇದನ್ನೇ.

ಫ್ರೆಡರಿಕ್ ಸ್ಕಾಟ್ ಆರ್ಚರ್ ೧೮೫೧ರಲ್ಲಿ ಪ್ರಕಟಿಸಿದ ಕೊಲೋಡಿಯನ್ ವಿಧಾನವು ಮುಂದಿನ ಸುಮಾರು ಮೂವತ್ತು ವರ್ಷ ಬಳಕೆಯಲ್ಲಿತ್ತು. ಅದರಲ್ಲಿ ಗಾಜಿನ ತಟ್ಟೆಗೆ ಅಂಟಾದ ದ್ರವವನ್ನು ಸಮನಾಗಿ ಹರಿಯಿಸಿ, ಬೆಳ್ಳಿಯ ಲವಣದ ನೀರಿನಲ್ಲಿ ಅದ್ದಿ, ಒದ್ದೆಯಾಗಿರುವಾಗಲೇ ಕ್ಯಾಮರಾದಲ್ಲಿಟ್ಟು ಬೆಳಕು ಕೊಟ್ಟು, ಒಣಗುವುದರೊಳಗಾಗಿ ಸಂಸ್ಕರಿಸಿ ತೊಳೆಯಬೇಕು. ಇಷ್ಟೂ ಕೆಲಸಕ್ಕೆ ದೊರೆಯುತ್ತಿದ್ದ ಕಾಲ ಕೆಲವೇ ನಿಮಿಷ. ಆದುದರಿಂದ ಛಾಯಾಚಿತ್ರಕಾರನು ಹೋದಲ್ಲಿಗೆ ಕತ್ತಲೆಯ ಗುಡಾರ, ಗಾಜಿನ ತಟ್ಟೆಗಳು, ಔಷಧಗಳ ಸೀಸೆಗಳು, ತೊಳೆಯುವ ನೀರು, ಎಲ್ಲವೂ ಹೋಗಬೇಕು. ಗಾಡಿಯ ದಾರಿಯಿಂದ ಬಹುದೂರ ಹೋಗುವುದು ಕಷ್ಟ. ಜೌಗು ನೆಲದಲ್ಲಿ ಹೊರೆ ಹೊತ್ತು ನಡೆಯುವುದು ಇನ್ನೂ ಕಷ್ಟ. ಬೋಳುಮಲೆಯ ಒಡಲಿಗಿಂತ ಅದರ ಅಂಚಿನ ಚಿತ್ರಗಳೇ ಹೆಚ್ಚಾಗಿ ದೊರೆಯುವುದಕ್ಕೆ ಇದೊಂದು ಕಾರಣ.

ಎರಡನೆಯ ಕಾರಣ ಗಾಳಿ. ಬೆಳಕು ಕೊಡುವ ಅವಧಿಯು ಅನೇಕ ಸೆಕೆಂಡುಗಳಷ್ಟಿದ್ದಾಗ, ಗಾಳಿಗೆ ಅಲುಗುವ ಹುಲ್ಲೂ ಹೆದರ್ ಗಿಡವೂ ಮಸುಕಾಗಿ ಮೂಡುತ್ತಿದ್ದುವು. ಬಂಡೆಯಾದರೋ ಅಲುಗದು. ಬಂಡೆಯಂಚು ಛಾಯಾಚಿತ್ರಕಾರರಿಗೆ ಪ್ರಿಯವಾದುದರಲ್ಲಿ ಆಶ್ಚರ್ಯವಿಲ್ಲ. ನಡೆದಾಡುವ ಮನುಷ್ಯನಾಗಲಿ ಮೇಯುವ ಕುರಿಯಾಗಲಿ ಇಂತಹ ಚಿತ್ರದಲ್ಲಿ ಮಸುಕಾಗಿ ಮೂಡುವುದು, ಇಲ್ಲವೆ ಮೂಡದೆಯೇ ಹೋಗುವುದು. ಡಗೇರ್ ೧೮೩೮ರಲ್ಲಿ ಪ್ಯಾರಿಸಿನ ಜನನಿಬಿಡವಾದ ಬೀದಿಯ ಚಿತ್ರವನ್ನು ತೆಗೆದಾಗ, ಬೂಟು ಉಜ್ಜಿಸಿಕೊಳ್ಳುತ್ತ ನಿಂತಿದ್ದವನೊಬ್ಬನನ್ನು ಬಿಟ್ಟರೆ ಬೀದಿಯು ಬರಿದಾಗಿ ಮೂಡಿತು. ಪ್ಯಾರಿಸಿನ ಬೀದಿಯನ್ನೇ ನಿರ್ಜನವಾಗಿಸಬಲ್ಲ ಸಾಧನವು ಬೋಳುಮಲೆಯನ್ನು ನಿರ್ಜನವೆಂದು ತೋರಿಸಿದರೆ, ಆ ಸಾಕ್ಷ್ಯಕ್ಕೆ ಎಷ್ಟು ಬೆಲೆ?

ಮೂರನೆಯದು ಬಣ್ಣದ ವಿಚಾರ. ಆ ಕಾಲದ ಲೇಪಗಳು ನೀಲಿಯ ಬೆಳಕಿಗೆ ತೀವ್ರವಾಗಿಯೂ, ಹಸಿರಿಗೆ ಅತ್ಯಲ್ಪವಾಗಿಯೂ ಸ್ಪಂದಿಸುತ್ತಿದ್ದುವು. ಕೆಂಪಿಗೆ ಸ್ಪಂದಿಸುತ್ತಲೇ ಇರಲಿಲ್ಲ. ನೆಲಕ್ಕೆ ಸಾಕಾಗುವಷ್ಟು ಬೆಳಕು ಕೊಟ್ಟರೆ ಆಕಾಶವು ಮಿತಿಮೀರಿ ಬೆಳಗಿ, ಮುದ್ರಿಸಿದ ಕಾಗದದಲ್ಲಿ ಬರಿಯ ಬಿಳುಪಾಗುತ್ತಿತ್ತು. ಶರತ್ಕಾಲದ ಕೆಂಗಂದು ಬಣ್ಣದ ಜರಿಗಿಡವೂ ಒಣಹುಲ್ಲೂ ಸುಮಾರಾಗಿ ಕರಿದಾಗುತ್ತಿದ್ದುವು. ಬೋಳುಮಲೆಯ ನಿಜವಾದ ವಿಶೇಷವೆಂದರೆ ನಿಮಿಷನಿಮಿಷಕ್ಕೆ ಬದಲಾಗುವ ಆಕಾಶ, ಆಗಸ್ಟ್ ತಿಂಗಳಲ್ಲಿ ಹೆದರ್ ಹೂವಿನ ನೇರಳೆ ಬಣ್ಣ, ನೆಲದ ಬಣ್ಣಗಳ ಸೂಕ್ಷ್ಮ ವ್ಯತ್ಯಾಸ. ಈ ಮೂರೂ ಅಂದಿನ ತಟ್ಟೆಯ ಮೇಲೆ ನಿಲ್ಲುತ್ತಿರಲಿಲ್ಲ. ಉಳಿದದ್ದು ಬಿಳಿಯ ಆಕಾಶ, ಕರಿಯ ನೆಲ, ನಡುವೆ ಒಂದು ರೇಖೆ.

ಈ ಕೊರತೆಯನ್ನು ನೀಗಿಸಿಕೊಳ್ಳಲು ಛಾಯಾಚಿತ್ರಕಾರರು ಒಂದು ಉಪಾಯವನ್ನು ಹಿಡಿದರು. ಫ್ರಾನ್ಸಿನ ಗುಸ್ತಾವ್ ಲ ಗ್ರೇ ೧೮೫೬-೫೭ರ ತನ್ನ ಸಮುದ್ರದ ಚಿತ್ರಗಳಲ್ಲಿ ಕೆಲವಕ್ಕೆ ಸಮುದ್ರಕ್ಕೊಂದು, ಆಕಾಶಕ್ಕೊಂದು ಎಂದು ಎರಡು ನೆಗೆಟಿವ್‌ಗಳನ್ನು ಸೇರಿಸಿ ಮುದ್ರಿಸಿದನು. ಬಳಿಕ ಮೋಡಗಳ ನೆಗೆಟಿವ್‌ಗಳನ್ನು ಸಂಗ್ರಹಿಸಿಟ್ಟುಕೊಂಡು, ಬೇಕಾದ ದೃಶ್ಯಕ್ಕೆ ಬೇಕಾದ ಮೋಡವನ್ನು ಕೂಡಿಸುವುದು ವಾಡಿಕೆಯಾಯಿತು. ಒಂದೇ ಮೋಡವು ಎರಡು ಬೇರೆ ಬೇರೆ ಊರುಗಳ ಮೇಲೆ ತೇಲುವುದು ಅಸಂಭವವಾಗಿರಲಿಲ್ಲ. ಪೀಟರ್ ಹೆನ್ರಿ ಎಮರ್ಸನ್ ೧೮೮೯ರಲ್ಲಿ ತನ್ನ ಗ್ರಂಥದಲ್ಲಿ ಇಂತಹ ಜೋಡಣೆಯನ್ನು ಕಟುವಾಗಿ ಖಂಡಿಸಿ, ಕಣ್ಣಿಗೆ ಕಂಡಂತೆ ತೆಗೆಯುವುದೇ ಧರ್ಮವೆಂದು ಸಾರಿದನು. ಆದರೆ ಅನತಿಕಾಲದಲ್ಲಿಯೇ ತನ್ನ ಸಿದ್ಧಾಂತವನ್ನು ತಾನೇ ಹಿಂದಕ್ಕೆ ತೆಗೆದುಕೊಂಡನು.

ಪರಿಹಾರವು ರಸಾಯನಶಾಸ್ತ್ರದಿಂದ ಬಂದಿತು. ಹರ್ಮನ್ ಫೋಗೆಲ್ ೧೮೭೩ರಲ್ಲಿ, ಲೇಪಕ್ಕೆ ವರ್ಣದ್ರವ್ಯಗಳನ್ನು ಸೇರಿಸಿದರೆ ಇತರ ಬಣ್ಣಗಳಿಗೂ ಸ್ಪಂದಿಸುವ ಶಕ್ತಿ ಬರುತ್ತದೆಂದು ಕಂಡುಹಿಡಿದನು. ಎಲ್ಲ ಬಣ್ಣಗಳಿಗೂ ಸ್ಪಂದಿಸುವ ತಟ್ಟೆಗಳನ್ನು ೧೯೦೬ರಲ್ಲಿ ರ‍್ಯಾಟನ್ ಮತ್ತು ವೇನ್‌ರೈಟ್ ಎಂಬ ಇಂಗ್ಲಿಷ್ ಸಂಸ್ಥೆಯು ಮಾರಾಟಕ್ಕೆ ತಂದಿತು. ಇಂತಹ ತಟ್ಟೆಯೊಡನೆ ಮಸೂರದ ಮುಂದೆ ಹಳದಿಯ ಗಾಜನ್ನಿಟ್ಟರೆ ಮೋಡಗಳು ಸ್ಪಷ್ಟವಾಗಿ ಮೂಡುತ್ತವೆ. ಕೆಂಪು ಗಾಜನ್ನಿಟ್ಟರೆ ನೀಲಿಯ ಆಕಾಶವು ಬಿರುಗಾಳಿಯ ಮುನ್ನಿನಂತೆ ಕಪ್ಪಾಗುತ್ತದೆ. ಹೀಗೆ ಹತ್ತೊಂಬತ್ತನೆಯ ಶತಮಾನದ ಬೋಳುಮಲೆಯು ಆಕಾಶವಿಲ್ಲದ ಬೋಳುಮಲೆ. ಇಪ್ಪತ್ತನೆಯದರ ಬೋಳುಮಲೆಯಲ್ಲಿ ಹಲವು ವೇಳೆ ಆಕಾಶವೇ ಅತಿಯಾದುದು. ಎರಡು ಶತಮಾನಗಳ ನಡುವೆ ಹವೆಯೇನೂ ಹೀಗೆ ಮಾರ್ಪಡಲಿಲ್ಲ. ಮಾರ್ಪಟ್ಟುದು ಲೇಪ ಮತ್ತು ಗಾಜು.

೫

ಶೋಭೆಯನ್ನು ಹುಡುಕದೆ ಸಂಗತಿಯನ್ನು ಹುಡುಕಿದವರೂ ಇದ್ದರು. ಬ್ರಿಟಿಷ್ ಅಸೋಸಿಯೇಷನ್ ಎಂಬ ವಿಜ್ಞಾನಸಂಸ್ಥೆಯು ೧೮೮೯ರಲ್ಲಿ ಭೂವಿಜ್ಞಾನಕ್ಕೆ ಉಪಯುಕ್ತವಾದ ಛಾಯಾಚಿತ್ರಗಳನ್ನು ಸಂಗ್ರಹಿಸಿ, ಕಾಪಾಡಿ, ಕ್ರಮವಾಗಿ ದಾಖಲೆ ಮಾಡುವುದಕ್ಕೆ ಒಂದು ಸಮಿತಿಯನ್ನು ನೇಮಿಸಿತು. ಸಮಿತಿಗೆ ಬರುವ ಚಿತ್ರವು ಚೆನ್ನಾಗಿದ್ದರೆ ಸಾಲದು. ಸ್ಥಳ, ತೆಗೆದ ದಿನ, ಕಾಣುವ ಶಿಲೆಯ ವಿವರ, ಅಳತೆ, ತೆಗೆದವರ ಹೆಸರು, ಇವೆಲ್ಲ ಜೊತೆಯಲ್ಲಿ ಬರಬೇಕಾಗಿತ್ತು. ಆಪ್ತವಾಕ್ಯದ ಲಕ್ಷಣವೆಂದು ಮೇಲೆ ಹೇಳಿದುದು ಇದೇ. ಚಿತ್ರವು ತನ್ನಷ್ಟಕ್ಕೆ ಸಾಕ್ಷಿಯಲ್ಲ, ಹೇಳಿಕೆಯೊಡನೆ ಕೂಡಿದಾಗ ಸಾಕ್ಷಿಯಾಗುತ್ತದೆ ಎಂಬುದನ್ನು ಭೂವಿಜ್ಞಾನಿಗಳು ಇತಿಹಾಸಕಾರರಿಗಿಂತ ಮೊದಲೇ ಅರಿತಿದ್ದರೆಂದು ಇದರಿಂದ ತಿಳಿಯಬಹುದು.

ಅದೇ ಕಾಲದಲ್ಲಿ ಬಂಡೆ ಹತ್ತುವ ವ್ಯಾಯಾಮವೂ ತಲೆಯೆತ್ತಿತು. ಪೆನೈನ್ ಸಾಲಿನ ಪಶ್ಚಿಮಕ್ಕಿರುವ ಸರೋವರ ಪ್ರಾಂತದ ಕೆಸ್ವಿಕ್ ಊರಿನಲ್ಲಿ ಛಾಯಾಚಿತ್ರದ ಅಂಗಡಿಯಿಟ್ಟಿದ್ದ ಜಾರ್ಜ್ ಮತ್ತು ಆಷ್ಲಿ ಏಬ್ರಹಾಂ ಸೋದರರು ಭಾರವಾದ ಕ್ಯಾಮರಾವನ್ನೂ ಗಾಜಿನ ತಟ್ಟೆಗಳನ್ನೂ ಬಂಡೆಗಳ ನಡುಮಧ್ಯಕ್ಕೆ ಹೊತ್ತೊಯ್ದರು. ಓವನ್ ಗ್ಲಿನ್ ಜೋನ್ಸ್ ೧೮೯೭ರಲ್ಲಿ ಪ್ರಕಟಿಸಿದ ಶಿಲಾರೋಹಣದ ಪುಸ್ತಕವು ಅವರ ಚಿತ್ರಗಳಿಂದಲೇ ಕಳೆಗಟ್ಟಿತು. ಈ ವೇಳೆಗೆ ಮ್ಯಾಡಕ್ಸ್ ಎಂಬ ವೈದ್ಯನು ೧೮೭೧ರಲ್ಲಿ ಸೂಚಿಸಿದ ಜಿಲೆಟಿನ್ ಒಣತಟ್ಟೆಯು ಬಳಕೆಗೆ ಬಂದು, ಕತ್ತಲೆಯ ಗುಡಾರವನ್ನು ಹೊರುವ ಕಷ್ಟವನ್ನು ತಪ್ಪಿಸಿತ್ತು. ಏಬ್ರಹಾಂ ಸೋದರರ ಚಿತ್ರಗಳಲ್ಲಿ ಗಮನಿಸಬೇಕಾದ ಅಂಶವೆಂದರೆ ಮನುಷ್ಯನು ಮರಳಿ ಬಂದುದು. ಹಗ್ಗ ಹಿಡಿದು ಬಂಡೆಗೆ ಅಂಟಿಕೊಂಡಿರುವ ಆ ಸಣ್ಣ ಆಕೃತಿಯು ಬಂಡೆಯ ಎತ್ತರಕ್ಕೆ ಅಳತೆಗೋಲೂ ಹೌದು, ಅಲ್ಲಿಗೆ ಹೋಗಬಹುದೆಂಬುದಕ್ಕೆ ಕರೆಯೂ ಹೌದು. ಆದರೆ ಹೋಗಲು ಎಲ್ಲರಿಗೂ ಅವಕಾಶವಿತ್ತೆ? ಮುಂದಿನ ಭಾಗದ ವಿಷಯ ಇದು.

೬

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮ್ಯಾಂಚೆಸ್ಟರ್, ಷೆಫೀಲ್ಡ್ ನಗರಗಳ ಕೂಲಿಕಾರರು ಭಾನುವಾರಗಳಲ್ಲಿ ಬೆಟ್ಟಗಳಿಗೆ ನಡೆದುಹೋಗುವ ಅಭ್ಯಾಸವನ್ನು ಬೆಳೆಸಿಕೊಂಡರು. ಎರಡು ನಗರಗಳ ನಡುವೆಯೇ ಹಬ್ಬಿದ್ದ ಬೋಳುಮಲೆಗಳ ಅತಿ ವಿಶಾಲವಾದ ಭಾಗಗಳಿಗೆ ಅವರು ಕಾಲಿಡುವಂತಿರಲಿಲ್ಲ. ಗ್ರೌಸ್ ಬೇಟೆಗಾಗಿ ಜಮೀನುದಾರರೂ, ಕುಡಿಯುವ ನೀರಿನ ಶುದ್ಧಿಯ ಹೆಸರಿನಲ್ಲಿ ನೀರು ಸರಬರಾಯಿ ಮಂಡಳಿಗಳೂ ಅವನ್ನು ಮುಚ್ಚಿದ್ದರು. ‘ಅತಿಕ್ರಮಿಸಿದವರ ಮೇಲೆ ಮೊಕದ್ದಮೆ ಹೂಡಲಾಗುವುದು’ ಎಂಬ ಹಲಗೆಗಳು ಎಲ್ಲೆಡೆಯಲ್ಲಿಯೂ ಇದ್ದುವು. ವಾಸ್ತವದಲ್ಲಿ ಬರಿಯ ಅತಿಕ್ರಮವು ಇಂಗ್ಲೆಂಡಿನ ಕಾನೂನಿನಲ್ಲಿ ದಂಡನಾರ್ಹವಾದ ಅಪರಾಧವಾಗಿರಲಿಲ್ಲ. ಸಿವಿಲ್ ವ್ಯಾಜ್ಯಕ್ಕೆ ಮಾತ್ರ ಕಾರಣವಾಗಿತ್ತು. ಹಲಗೆಯು ಬೆದರಿಕೆಯೇ ಹೊರತು ಕಾನೂನಲ್ಲ. ಸ್ಕಾಟ್ಲೆಂಡಿನ ಬೆಟ್ಟಗಳಿಗೆ ಪ್ರವೇಶ ದೊರಕಿಸಬೇಕೆಂದು ಜೇಮ್ಸ್ ಬ್ರೈಸ್ ೧೮೮೪ರಲ್ಲಿಯೇ ಪಾರ್ಲಿಮೆಂಟಿನಲ್ಲಿ ಮಸೂದೆಯನ್ನು ತಂದಿದ್ದರೂ, ಅದಾಗಲಿ ಅದರ ಹಿಂದೆ ಬಂದ ಹಲವು ಮಸೂದೆಗಳಾಗಲಿ ಫಲಿಸಲಿಲ್ಲ.

೧೯೩೨ನೆಯ ಏಪ್ರಿಲ್ ೨೪ರಂದು ಸುಮಾರು ೪೦೦ ಮಂದಿ, ೨,೦೮೭ ಅಡಿ ಎತ್ತರದ ಕಿಂಡರ್ ಸ್ಕೌಟ್ ಬೆಟ್ಟವನ್ನು ಬಹಿರಂಗವಾಗಿ ಪ್ರಕಟಿಸಿಯೇ ಅತಿಕ್ರಮಿಸಿದರು. ಅವರ ಮುಂದಾಳು ಬೆನ್ನಿ ರಾಥ್‌ಮನ್ ಇಪ್ಪತ್ತು ವರ್ಷದ ಕಾರ್ಮಿಕ ತರುಣ. ಬೇಟೆಯ ಕಾವಲುಗಾರರೊಡನೆ ತಳ್ಳಾಟವಾಗಿ, ಮುಂದೆ ನಡೆದ ವಿಚಾರಣೆಯಲ್ಲಿ ಐವರಿಗೆ ಎರಡರಿಂದ ಆರು ತಿಂಗಳವರೆಗೆ ಸೆರೆಮನೆಯ ಶಿಕ್ಷೆಯಾಯಿತು. ಆರೋಪವು ಅತಿಕ್ರಮದ್ದಲ್ಲ, ಗಲಭೆ ಮೊದಲಾದುವುಗಳದು.

ಇದಾದ ಎರಡು ವರ್ಷಗಳ ಮೇಲೆ, ೧೯೩೪ರಲ್ಲಿ, ಷೆಫೀಲ್ಡಿನಲ್ಲಿ ಒಂದು ಸಣ್ಣ ಪುಸ್ತಕ ಹೊರಟಿತು. ಫಿಲ್ ಬಾರ್ನ್ಸ್ ರಚಿಸಿದ ಅದಕ್ಕೆ ಆ ಹಲಗೆಗಳ ಮೇಲಣ ಬೆದರಿಕೆಯ ವಾಕ್ಯವನ್ನೇ ಹೆಸರಾಗಿ ಇಟ್ಟಿತ್ತು. ‘ಪೀಕ್ ಪ್ರಾಂತದ ನಿಷಿದ್ಧ ಬೋಳುಮಲೆಗಳ ನೋಟಗಳು’ ಎಂಬರ್ಥದ ಉಪಶೀರ್ಷಿಕೆಯೂ ಇತ್ತು. ಬೋಳುಮಲೆಯ ಛಾಯಾಚಿತ್ರ ಚರಿತ್ರೆಯಲ್ಲಿ ಈ ಪುಸ್ತಕಕ್ಕೆ ಸಲ್ಲಬೇಕಾದ ಸ್ಥಾನ ಸಂದಿಲ್ಲ. ಅದರ ಚಿತ್ರಗಳು ಮೇಲ್ನೋಟಕ್ಕೆ ಇತರ ಭೂದೃಶ್ಯಗಳಂತೆಯೇ ಬಯಲು, ತೊರೆ, ಬಂಡೆ, ಆಕಾಶ. ಆದರೆ ಓದುಗನಿಗೆ ಅವು ಹೇಳುವ ಮಾತು ಬೇರೆ: ‘ಇದು ನಿನಗೆ ನೋಡಲು ಅನುಮತಿಯಿಲ್ಲದ ನೆಲ.’ ಒಂದೇ ಶೂನ್ಯತೆಯು ಇಲ್ಲಿ ಎರಡು ಅರ್ಥಗಳನ್ನು ಪಡೆಯುತ್ತದೆ. ಜಮೀನುದಾರನ ಪಕ್ಷದಲ್ಲಿ, ಜನರಿಲ್ಲದಿರುವುದು ಆ ನೆಲದ ಸ್ವಭಾವ. ಜನರು ಬಂದರೆ ಅದು ಕೆಡುವುದು. ನಡೆಯುವವರ ಪಕ್ಷದಲ್ಲಿ, ಜನರಿಲ್ಲದಿರುವುದು ಹಲಗೆಯ ಫಲ. ಚಿತ್ರದೊಳಗೆ ಈ ವಿವಾದವನ್ನು ಬಗೆಹರಿಸುವ ಗುರುತು ಯಾವುದೂ ಇಲ್ಲ. ಬಗೆಹರಿಸುವುದು ಕೆಳಗಣ ಬರಹವೂ ಪುಸ್ತಕದ ಹೆಸರೂ.

ಮುಂದಿನ ಸಂಗತಿಗಳನ್ನು ಸಂಕ್ಷೇಪವಾಗಿ ಹೇಳಬಹುದು. ೧೯೪೯ರಲ್ಲಿ ರಾಷ್ಟ್ರೀಯ ಉದ್ಯಾನಗಳ ಶಾಸನವಾಯಿತು. ೧೯೫೧ರಲ್ಲಿ ಪೀಕ್ ಪ್ರಾಂತವು ಆ ದೇಶದ ಮೊದಲನೆಯ ರಾಷ್ಟ್ರೀಯ ಉದ್ಯಾನವಾಯಿತು. ೨೦೦೦ದ ಶಾಸನದಿಂದ ಇಂಗ್ಲೆಂಡ್, ವೇಲ್ಸ್‌ಗಳಲ್ಲಿ ನಕ್ಷೆಯಲ್ಲಿ ಗುರುತಿಸಿದ ಬೋಳುಮಲೆಗಳ ಮೇಲೆ ಕಾಲ್ನಡಿಗೆಯ ಹಕ್ಕು ಸಾರ್ವಜನಿಕರಿಗೆ ದೊರೆಯಿತು.

೭

ಈಗ ಆರಂಭದಲ್ಲಿ ಹೇಳಿದ ಪಾಳುಮನೆಗೆ ಬರಬಹುದು. ಹಾವರ್ತ್ ಊರಿನ ಮೇಲಣ ಬೋಳುಮಲೆಯಲ್ಲಿರುವ ಅದರ ಹೆಸರು ಟಾಪ್ ವಿದೆನ್ಸ್. ಅದು ‘ವದರಿಂಗ್ ಹೈಟ್ಸ್’ ಮನೆಗೆ ಮೂಲವೆಂಬ ಪ್ರತೀತಿ ಬಹುಕಾಲದಿಂದ ಇದೆ. ಕಾದಂಬರಿಯು ಪ್ರಕಟವಾದದ್ದು ೧೮೪೭ರಲ್ಲಿ. ಆಗ ಅದು ಪಾಳುಮನೆಯಾಗಿರಲಿಲ್ಲ, ಒಕ್ಕಲುಮನೆಯಾಗಿತ್ತು. ಬ್ರಾಂಟಿ ಸಂಘದವರು ೧೯೬೪ರಲ್ಲಿ ಅಲ್ಲಿ ನಿಲ್ಲಿಸಿದ ಶಿಲಾಫಲಕವು, ಕಟ್ಟಡವು ಪೂರ್ಣವಾಗಿದ್ದಾಗಲೂ ಕಾದಂಬರಿಯಲ್ಲಿ ವರ್ಣಿತವಾದ ಮನೆಯನ್ನು ಹೋಲುತ್ತಿರಲಿಲ್ಲವೆಂದೂ, ಸ್ಥಳದ ಸನ್ನಿವೇಶವು ಮಾತ್ರ ಲೇಖಕಿಯ ಮನಸ್ಸಿನಲ್ಲಿ ಇದ್ದಿರಬಹುದೆಂದೂ ಸ್ಪಷ್ಟಪಡಿಸಿದೆ.

ಇಷ್ಟಾದರೂ ಪ್ರತೀತಿಯು ನಿಂತಿರುವುದಕ್ಕೆ ಬಿಲ್ ಬ್ರಾಂಡ್ಟ್ ೧೯೪೫ರಲ್ಲಿ ಪ್ರಕಟಿಸಿದ ಛಾಯಾಚಿತ್ರವು ಬಹುಮಟ್ಟಿಗೆ ಕಾರಣ. ೧೯೦೪ರಲ್ಲಿ ಹ್ಯಾಂಬರ್ಗಿನಲ್ಲಿ ಹುಟ್ಟಿ ಇಂಗ್ಲೆಂಡಿನಲ್ಲಿ ನೆಲಸಿದ ಈತನು ಇಂಗ್ಲಿಷ್ ಲೇಖಕರ ಸ್ಥಳಗಳ ಚಿತ್ರಗಳನ್ನು ೧೯೫೧ರಲ್ಲಿ ‘ಲಿಟರರಿ ಬ್ರಿಟನ್’ ಎಂಬ ಗ್ರಂಥವಾಗಿ ಹೊರತಂದನು. ಟಾಪ್ ವಿದೆನ್ಸಿಗೆ ಅವನು ಒಂದಕ್ಕಿಂತ ಹೆಚ್ಚು ಸಲ ಹೋದನು. ಹಿತವಾದ ಹವೆಯಲ್ಲಿ ಕಂಡ ಸ್ಥಳವು ಅವನಿಗೆ ಒಪ್ಪಿಗೆಯಾಗಲಿಲ್ಲ. ಚಳಿಗಾಲದಲ್ಲಿ ಆಲಿಕಲ್ಲಿನ ಮಳೆ ಸುರಿದ ಬಳಿಕ ದೊರೆತ ನೋಟವು ಒಪ್ಪಿತು. ಕತ್ತಲೆಕೋಣೆಯಲ್ಲಿ ಚಿತ್ರದ ಕಪ್ಪನ್ನು ಗಾಢಗೊಳಿಸುವುದನ್ನು ಅವನು ಕಲೆಗಾರನ ಹಕ್ಕೆಂದು ಭಾವಿಸಿದ್ದನು. ಇದರಲ್ಲಿ ಮೋಸವೇನೂ ಇಲ್ಲ. ಬ್ರಾಂಡ್ಟ್ ತೆಗೆದುದು ಟಾಪ್ ವಿದೆನ್ಸಿನ ಚಿತ್ರವನ್ನಲ್ಲ, ಒಂದು ಕಾದಂಬರಿಯನ್ನು ಓದಿದ ಮನಸ್ಸಿನ ಚಿತ್ರವನ್ನು. ಅದು ‘ವದರಿಂಗ್ ಹೈಟ್ಸ್’ ಗ್ರಂಥಕ್ಕೆ ಬರೆದ ಉತ್ತಮವಾದ ವ್ಯಾಖ್ಯಾನ. ವ್ಯಾಖ್ಯಾನವನ್ನು ಮೂಲವೆಂದು ಭ್ರಮಿಸಿ, ‘ಲೇಖಕಿಯು ಕಂಡದ್ದು ಇದು’ ಎಂದು ಬೋಧಿಸಿದರೆ ತಪ್ಪು ಬೋಧಿಸಿದವರದು, ಚಿತ್ರದ್ದಲ್ಲ.

ಅದೇ ನೆಲಕ್ಕೆ ಇನ್ನೊಂದು ಬಗೆಯ ವ್ಯಾಖ್ಯಾನವನ್ನು ಒದಗಿಸಿದವರು ಫೇ ಗಾಡ್ವಿನ್ (೧೯೩೧-೨೦೦೫). ಕ್ಯಾಲ್ಡರ್ ಕಣಿವೆಯಲ್ಲಿ ಹುಟ್ಟಿದ ಕವಿ ಟೆಡ್ ಹ್ಯೂಸ್ ಅವರ ಕವಿತೆಗಳೊಡನೆ ಆಕೆಯ ಛಾಯಾಚಿತ್ರಗಳು ೧೯೭೯ರಲ್ಲಿ ‘ರಿಮೇನ್ಸ್ ಆಫ್ ಎಲ್ಮೆಟ್’ ಎಂಬ ಪುಸ್ತಕವಾಗಿ ಬಂದುವು. ಎಲ್ಮೆಟ್ ಎಂಬುದು ಆ ಪ್ರದೇಶದಲ್ಲಿದ್ದ ಪ್ರಾಚೀನ ಕೆಲ್ಟಿಕ್ ರಾಜ್ಯದ ಹೆಸರು. ಆಕೆಯ ಬೋಳುಮಲೆಯಲ್ಲಿಯೂ ಮನುಷ್ಯರು ವಿರಳ. ಆದರೆ ಮನುಷ್ಯರ ಕೆಲಸವು ಎಲ್ಲೆಲ್ಲಿಯೂ ಇದೆ. ಬೇಲಿಯ ಕಲ್ಲುಗೋಡೆಗಳು ಬೆಟ್ಟವನ್ನು ಏರಿಳಿಯುತ್ತವೆ. ಗಿರಣಿಗಳೂ ಪ್ರಾರ್ಥನಾಮಂದಿರಗಳೂ ಕುಸಿಯುತ್ತ ನಿಂತಿವೆ. ಬ್ರಾಂಡ್ಟನ ಶೂನ್ಯತೆಯು ಅನಾದಿಯಾದುದೆಂದು ತೋರಿದರೆ, ಗಾಡ್ವಿನ್ನರ ಶೂನ್ಯತೆಗೆ ಚರಿತ್ರೆಯಿದೆ: ಇಲ್ಲಿ ಜನರಿದ್ದರು, ಉಣ್ಣೆ ನೇಯ್ದರು, ಹೋದರು. ೧೯೮೭ರಿಂದ ೧೯೯೦ರವರೆಗೆ ಆಕೆ ಕಾಲ್ನಡಿಗೆಯವರ ಸಂಘದ ಅಧ್ಯಕ್ಷೆಯಾಗಿದ್ದುದೂ, ೧೯೯೦ರಲ್ಲಿ ‘ಅವರ್ ಫರ್ಬಿಡನ್ ಲ್ಯಾಂಡ್’ ಎಂಬ ಗ್ರಂಥವನ್ನು ಪ್ರಕಟಿಸಿ, ಬೇಲಿಗಳನ್ನೂ ನಿಷೇಧದ ಹಲಗೆಗಳನ್ನೂ ಚಿತ್ರದ ನಡುವಿಗೇ ತಂದುದೂ ಇದಕ್ಕೆ ಹೊಂದಿಕೊಂಡಿವೆ. ಬಾರ್ನ್ಸ್ ತನ್ನ ಪುಸ್ತಕದ ಹೆಸರಾಗಿ ಇಟ್ಟ ಹಲಗೆಯನ್ನು ಗಾಡ್ವಿನ್ ಚಿತ್ರದೊಳಕ್ಕೆ ತಂದು ನಿಲ್ಲಿಸಿದರು. ಸುಂದರವಾದ ಭೂದೃಶ್ಯದಲ್ಲಿ ಬಿಟ್ಟುಬಿಡುವುದೇ ವಾಡಿಕೆಯಾಗಿದ್ದ ವಸ್ತುವು ಹೀಗೆ ದೃಶ್ಯದ ತಿರುಳಾಯಿತು.

೮

ಈ ವಿಚಾರವು ದೂರದೇಶದ್ದಾದರೂ ಕನ್ನಡ ನಾಡಿನ ಸಂಶೋಧಕರಿಗೆ ಸಂಬಂಧಿಸಿದ್ದೇ. ೧೮೫೬ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಮದ್ರಾಸ್ ಸೈನ್ಯದ ಅಧಿಕಾರಿಯು ಹಂಪೆಯ ಬಂಡೆಗಳ ನಡುವೆ ದೊಡ್ಡ ಕಾಗದದ ನೆಗೆಟಿವ್‌ಗಳ ಮೇಲೆ ಚಿತ್ರಗಳನ್ನು ತೆಗೆದನು. ಬಹುಕಾಲ ಮರೆಯಾಗಿದ್ದ ಅವು ೧೯೮೦ರಲ್ಲಿ ಇಂಗ್ಲೆಂಡಿನಲ್ಲಿ ಮರಳಿ ಬೆಳಕಿಗೆ ಬಂದುವು. ಆ ದಶಕದಲ್ಲಿಯೇ ಆಸ್ಟ್ರೇಲಿಯದ ಜಾನ್ ಗಾಲಿಂಗ್ಸ್ ಅದೇ ಸ್ಥಳಗಳಲ್ಲಿ ನಿಂತು ಮತ್ತೆ ಚಿತ್ರಗಳನ್ನು ತೆಗೆದರು. ವಿಠ್ಠಲ ದೇವಾಲಯದ ಕಲ್ಲಿನ ರಥದ ಮೇಲೆ ಇಂದಿಲ್ಲದ ಇಟ್ಟಿಗೆಯ ಗೋಪುರವು ಗ್ರೀನ್‌ಲಾನ ಚಿತ್ರದಲ್ಲಿ ನಿಚ್ಚಳವಾಗಿ ಕಾಣುತ್ತದೆ. ಕಟ್ಟಡದ ವಿಷಯದಲ್ಲಿ ಆ ಚಿತ್ರವು ಬೆಲೆಯುಳ್ಳ ಪ್ರಮಾಣ. ಆದರೆ ಅದೇ ಚಿತ್ರಗಳ ಬಿಳಿಯ ಆಕಾಶವನ್ನೂ ನಿರ್ಜನತೆಯನ್ನೂ ನೋಡಿ, ೧೮೫೬ರಲ್ಲಿ ಹಂಪೆಯು ಜನಸಂಚಾರವಿಲ್ಲದ ಹಾಳೂರಾಗಿತ್ತೆಂದು ಅನುಮಾನಿಸುವುದು ಯುಕ್ತವಲ್ಲ. ಒಂದೇ ಹಾಳೆಯಲ್ಲಿ ಗೋಪುರದ ಸಾಕ್ಷ್ಯವು ಗಟ್ಟಿ, ಶೂನ್ಯತೆಯ ಸಾಕ್ಷ್ಯವು ಪೊಳ್ಳು; ಏಕೆಂದರೆ ನಿಂತ ಕಲ್ಲನ್ನು ಆ ಸಾಧನವು ಗ್ರಹಿಸಬಲ್ಲುದು, ನಡೆಯುವ ಮನುಷ್ಯನನ್ನು ಗ್ರಹಿಸಲಾರದು.

ಇದುವರೆಗೆ ಹೇಳಿದುದರಿಂದ ಭೂದೃಶ್ಯದ ಛಾಯಾಚಿತ್ರವನ್ನು ಪ್ರಮಾಣವಾಗಿ ಬಳಸುವವರು ವಿಚಾರಿಸಬೇಕಾದ ಅಂಶಗಳು ಮೂರೆಂದು ಸ್ಥೂಲವಾಗಿ ಹೇಳಬಹುದು. ಆ ಕಾಲದ ಲೇಪವೂ ಮಸೂರವೂ ಯಾವುದನ್ನು ಗ್ರಹಿಸಲು ಶಕ್ತವಾಗಿದ್ದುವು ಎಂಬುದು ಮೊದಲನೆಯದು. ತೆಗೆದವನು ಎಲ್ಲಿ ನಿಂತಿದ್ದನು, ಅಲ್ಲಿ ನಿಲ್ಲಲು ಅವನಿಗೆ ಯಾವ ಹಕ್ಕಿತ್ತು ಎಂಬುದು ಎರಡನೆಯದು. ಚಿತ್ರದೊಡನೆ ಯಾವ ಮಾತು ಬಂದಿದೆ, ಯಾವ ಮಾತು ಕಳೆದುಹೋಗಿದೆ ಎಂಬುದು ಮೂರನೆಯದು. ಶಾಸನಪಾಠವನ್ನು ಕಲ್ಲು, ಲಿಪಿ, ಸಿಕ್ಕಿದ ಸ್ಥಳ ಇವುಗಳಿಂದ ಬೇರ್ಪಡಿಸಿ ಯಾವ ವಿದ್ವಾಂಸನೂ ಓದುವುದಿಲ್ಲ. ಛಾಯಾಚಿತ್ರಕ್ಕೂ ಅಷ್ಟೇ ಮರ್ಯಾದೆ ಸಲ್ಲತಕ್ಕದ್ದು. ಮಠಗಳಲ್ಲಿ, ಮನೆತನಗಳಲ್ಲಿ, ಕಛೇರಿಗಳಲ್ಲಿ ಉಳಿದಿರುವ ಹಳೆಯ ಚಿತ್ರಗಳನ್ನು ಸಂಗ್ರಹಿಸುವವರು ಚಿತ್ರವನ್ನು ಮಾತ್ರ ತೆಗೆದುಕೊಂಡು ಅದರ ಹಿಂಬದಿಯ ಬರಹವನ್ನೂ ಅಂಟಿಸಿದ ಪುಸ್ತಕವನ್ನೂ ಬಿಟ್ಟುಬಂದರೆ, ಬಾಯಿಲ್ಲದ ಸಾಕ್ಷಿಯನ್ನು ಕರೆತಂದಂತಾಗುತ್ತದೆ. ಬ್ರಿಟಿಷ್ ಅಸೋಸಿಯೇಷನ್ನಿನ ಸಮಿತಿಯು ೧೮೮೯ರಲ್ಲಿ ಬಂಡೆಗಳ ಚಿತ್ರಕ್ಕೆ ವಿಧಿಸಿದ ನಿಯಮಗಳು, ದೇವಾಲಯ, ಕೆರೆ, ಕೋಟೆ, ಗೋಮಾಳಗಳ ಚಿತ್ರಗಳಿಗೂ ಯಾವ ಮಾರ್ಪಾಟೂ ಇಲ್ಲದೆ ಅನ್ವಯಿಸುತ್ತವೆ.